ಅವಳು ಒರೆಸಿದ ಧೂಳು

"ಅದನ್ನ ಬಿಚ್ಚಿದ್ರಾ?"

ಹಿತ್ತಿಲ ಶೆಡ್ಡಿನ ಬಾಗಿಲಲ್ಲಿ ಗಾರ್ತ್ ನಿಂತಿದ್ದ, ಕೈಯಲ್ಲಿ ಹಾಲಿನ ಬಾಟಲಿ. ಹೇಝಲ್‌ಳ ಕೈಯಲ್ಲಿ ಅವನ ಟೆಲಿಸ್ಕೋಪಿನ ಕೆಂಪು ಫಿಲ್ಟರು, ಮೆತ್ತನೆಯ ಬಟ್ಟೆ.

"ಧೂಳಿತ್ತು... ಒರೆಸ್ದೆ. ನಿಮಗೆ ಖುಷಿಯಾಗ್ಲಿ ಅಂತ."

ಕನ್ನಡಕದಂಗಡಿಯಲ್ಲಿ ದುಡಿಯುವವಳು. ಕೊಳಕು ಗಾಜು ಕಂಡರೆ ಕೈ ಸುಮ್ಮನಿರದು.

ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಮನೆಗೆ ಹೋಗಿ, ಹೇಝಲ್."

ಗೋಡೆಯಾಚೆಯ ತನ್ನ ಅಡುಗೆಮನೆಯಲ್ಲಿ ಕೂತಾಗ ಅವಳಿಗೆ ಅರ್ಥವಾಯಿತು. ಅವನೇ ಕಲಿಸಿದ ಪಾಠ: ನೀಹಾರಿಕೆಯ ಚಿತ್ರಗಳಾದ ಮೇಲೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಫಿಲ್ಟರಿನ ಧೂಳಿನ ನೆರಳಿನದೂ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆಗಷ್ಟೇ ನೀಹಾರಿಕೆಯ ಚಿತ್ರಗಳಿಂದ ಆ ಧೂಳಿನ ಕಲೆಗಳನ್ನು ಅಳಿಸಬಹುದು. ಅಲ್ಲಿಯವರೆಗೆ ಏನನ್ನೂ ಮುಟ್ಟಬಾರದು.

ಅವನು ಆ ಧೂಳಿನ ಚಿತ್ರವನ್ನು ಎಂದೋ ತೆಗೆದಿರುತ್ತಾನೆ ಎಂದುಕೊಂಡಿದ್ದಳು.

ಆ ಕೆಂಪು ಫಿಲ್ಟರಿನ ಚಿತ್ರಗಳು ಅವನ ಹೆಂಡತಿ ಬ್ರಾನ್ವೆನ್ ತೆಗೆದವು. ಕ್ಯಾನ್ಸರಿನ ಕೊನೆಯ ಚಳಿಗಾಲದಲ್ಲಿ, ಇದೇ ಶೆಡ್ಡಿನಲ್ಲಿ ಕೂತು.

'ಸತ್ತವಳ ಕೆಲಸ ಹಾಳುಮಾಡಿದೆ... ಇನ್ನು ಯಾವ ಮುಖ ಹೊತ್ತು ಅವನ ಪಕ್ಕ ಕೂರಲಿ?'

ಅವಳು ಈ ಮನೆಗೆ ಹೊಸದಾಗಿ ಬಂದಾಗ ಅವನು ಗೋಡೆ ಮೇಲಿಂದ ಕೂಗಿದ್ದ, "ರೀ, ಆ ದೀಪಸ್ತಂಭ ಆರಿಸ್ತೀರಾ? ನನ್ನ ಚಿತ್ರ ಹಾಳಾಗ್ತಿದೆ!" ಅವಳ ಅಡುಗೆಮನೆಯ ದೀಪಕ್ಕೆ ಅವನಿಟ್ಟ ಹೆಸರು ಅದು. ಅಂದಿನಿಂದ ಅವನಿಗಾಗಿ ಕತ್ತಲಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅದು ಪ್ರೀತಿಯೆಂದು ಇಂದು ತಿಳಿಯಿತು, ಎಲ್ಲ ಮುಗಿದ ಮೇಲೆ.

ಕೀತ್ಲಿ ಊರಿನ ಮೇಲೆ ದಿನಗಟ್ಟಲೆ ಮೋಡ ಕವಿದೇ ಇತ್ತು. ಶೆಡ್ಡಿನ ಚಾವಣಿ ತೆರೆಯಲಿಲ್ಲ.

ಆಕಾಶ ತಿಳಿಯಾದ ಸಂಜೆ ಅವನೇ ಬಂದ. ಕೈಯಲ್ಲೊಂದು ಚಿತ್ರ. ಕೆಂಪು ಗುಲಾಬಿಯಂಥ ನೀಹಾರಿಕೆ, ಮೇಲೆಲ್ಲ ಕಪ್ಪು ಉಂಗುರಗಳು.

"ಇವು ಹೋಗಲ್ವಾ?"

"ಹೋಗಲ್ಲ." ಗಾರ್ತ್ ಬಾಗಿಲ ಚೌಕಟ್ಟಿಗೆ ಒರಗಿದ. "ಧೂಳಿನ ಚಿತ್ರ ತೆಗೆಯೋದು ಒಂದು ಬೆಳಗಿನ ಕೆಲಸ. ಬಟ್ಟೆ ಅಲ್ಲೇ ಇತ್ತು. ಮಾಡ್ಲಿಲ್ಲ ನಾನು."

"ಯಾಕೆ?"

"ಮಾಡಿದ್ರೆ ಮುಗೀತು ಅಂತಾಗ್ತಿತ್ತು. ಅವಳು ಬಿಗಿದ ತಿರುಪು ನಾನೇ ಬಿಚ್ಚಬೇಕಿತ್ತು... ಕೈ ಬರ್ಲಿಲ್ಲ. ನೀವು ಬಿಚ್ಚಿದ್ರಿ ಅಂತ ಕೋಪ ಬಂತು. ಆ ರಾತ್ರಿ ಅತ್ತುಬಿಟ್ಟೆ. ಆಮೇಲೆ ನಿದ್ದೆ ಬಂತು, ಎಷ್ಟೋ ದಿನದ ಮೇಲೆ."

ಹೇಝಲ್ ಅವನ ಕೈಯಿಂದ ಚಿತ್ರ ತೆಗೆದುಕೊಂಡಳು.

"ನೀಲಿ ಫಿಲ್ಟರಿನ ಚಿತ್ರ ತೆಗೆಯೋದು ಬಾಕಿ ಇದೆ. ಅದಿಲ್ದೆ ಇದಕ್ಕೆ ಪೂರ್ತಿ ಬಣ್ಣ ಬರಲ್ಲ. ಆ ಶೆಡ್ಡಲ್ಲಿ ನೀವಿಲ್ದೆ ಕೂರೋಕೆ ನಂಗಾಗ್ತಿಲ್ಲ."

"ನನ್ನ ನೋಡಿದಾಗೆಲ್ಲ ಈ ಕಲೆ ಕಾಣಲ್ವಾ?"

"ಕಾಣುತ್ತೆ," ಎಂದ ಅವನು. "ಆದ್ರೂ ಬನ್ನಿ."

ಅವಳು ಕೋಟು ತೊಟ್ಟಳು. ಕಣ್ಣು ಒರೆಸಿಕೊಂಡಳು.

"ಮೊದ್ಲು ಆ ದೀಪಸ್ತಂಭ ಆರಿಸಿ," ಎಂದ ಗಾರ್ತ್.

ಆರಿಸಿದಳು.

"ಕಂಬಳಿ ತರ್ಲಾ?"

"ತನ್ನಿ," ಕತ್ತಲಲ್ಲಿ ಅವನ ದನಿ. "ಅಗಲದ್ದು."