ಓದದೇ ಉಳಿದ ಟಿಪ್ಪಣಿ

"ನೀನಾ...?"

ಗ್ರಂಥಾಲಯದ ಹಿಂದಿನ ಕೋಣೆಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಏಳು ವರ್ಷ ಯಾರ ಹೆಸರು ಕಂಡರೂ ಮುಖ ತಿರುಗಿಸುತ್ತಿದ್ದಳೋ ಅವನೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ನಾನೇ. ಕೂತ್ಕೋ," ಎಂದ, ಕಣ್ಣೆತ್ತದೆ.

ಇಬ್ಬರನ್ನೂ ಕರೆಸಿದ್ದು ಅವಳ ಅಕ್ಕ, ಈ ಗ್ರಂಥಾಲಯದ ಮುಖ್ಯಸ್ಥೆ. ತಂಗಿಯ ಹಿಂದೆಯೇ ಬಂದಳು.

"ನಿಮಗೆ ಮದುವೇನೂ ಆಗ್ಲಿಲ್ಲ, ಆದ್ರೂ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು! ಇವತ್ತು ಎರಡನ್ನೂ ಒಂದು ಮಾಡಿಯೇ ಏಳಿ," ಎಂದು ಬಾಗಿಲೆಳೆದುಕೊಂಡು ಹೋದಳು.

ಕೂಸು ಎಂದರೆ ಅವರಿಬ್ಬರೂ ಸೇರಿ ಗ್ರಂಥಾಲಯಗಳಿಗಾಗಿ ಬರೆದ ಉಚಿತ ಸಾಫ್ಟ್‌ವೇರ್. ಯಾರು ಬೇಕಾದರೂ ಅದನ್ನು ತಿದ್ದಬಹುದು. ಅದರಲ್ಲಿ ಎರಡು ಬ್ರಾಂಚ್, ಅಂದರೆ ಎರಡು ಕವಲು. ಹಳೇ ಕಂಪ್ಯೂಟರ್‌ಗಳಿಗೆ ಹಳೇ ಬ್ರಾಂಚ್, ಅದನ್ನು ನೋಡಿಕೊಳ್ಳುವವಳು ಇವಳು. ಹೊಸ ಬ್ರಾಂಚ್ ಅವನದು. ಹಳೆಯದರಲ್ಲಿ ಮಾಡಿದ ರಿಪೇರಿಯನ್ನು ಆಗಾಗ ಹೊಸದರಲ್ಲಿ ಸೇರಿಸಬೇಕು. ಅದಕ್ಕೇ ಮರ್ಜ್ ಅನ್ನುವುದು. ಏಳು ವರ್ಷದಿಂದ ಅದು ನಡೆದಿರಲಿಲ್ಲ.

ಆಗ ಅವಳು ಆರು ವಾರ ಕೂತು, ಓದುಗರ ಹೆಸರುಗಳು ಅದಲುಬದಲಾಗುವ ದೋಷವೊಂದನ್ನು ತಿದ್ದಿದ್ದಳು. ಅವನು 'ಸೇರಿಸಿದೆ' ಎಂದು ದಾಖಲಿಸಿದ. ಹೋಲಿಸಿ ನೋಡಿದರೆ ಅವಳು ಬರೆದ ಕೋಡ್‌ನ ಒಂದೇ ಒಂದು ಸಾಲೂ ಒಳಗಿರಲಿಲ್ಲ!

'ನನ್ನ ಕೆಲಸ ಅವನಿಗೆ ಕಸಕ್ಕಿಂತ ಕಡೆಯಾಯಿತೇ?'

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಈ ಮಹಾರಾಯ್ತಿ ಒಂದು ಮಾತೂ ಕೇಳದೆ ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಮುಂದಿನ ತಿಂಗಳು ನಡೆಯಬೇಕಿದ್ದ ನಿಶ್ಚಿತಾರ್ಥವೂ ಅಲ್ಲಿಗೇ ನಿಂತಿತು.

"ಮುನ್ನೂರ ನಲವತ್ತು ಕಡೆ ಹೊಂದಾಣಿಕೆ ಆಗ್ತಿಲ್ಲ," ಎಂದ ಅವನು.

"ಸಾಫ್ಟ್‌ವೇರ್‌ದಾ, ನಮ್ದಾ?"

ಅವನ ತುಟಿ ತುಸು ಅರಳಿತು. ಸಂಜೆಯವರೆಗೆ ಒಂದೊಂದಾಗಿ ಬಿಡಿಸಿದರು. ಕೊನೆಗೆ ಒಂದು ಉಳಿಯಿತು.

"ಆ ಹಳೇ ಮರ್ಜ್ ಅಡ್ಡ ಬರ್ತಿದೆ. ಆಗ್ಲೇ ಸೇರಿದೆ ಅಂತ ದಾಖಲಾಗಿರೋದಕ್ಕೆ ನಿನ್ನ ಸಾಲುಗಳನ್ನ ಮತ್ತೆ ತಗೋತಿಲ್ಲ. ಅದನ್ನ ತೆರಿ."

ಅವಳು ತೆರೆದಳು. ಅಂದು ಸಾಲುಗಳನ್ನಷ್ಟೇ ನೋಡಿದ್ದಳು, ಮೇಲಿದ್ದ ಟಿಪ್ಪಣಿಯನ್ನು ನೋಡಿರಲಿಲ್ಲ.

"ಅವಳ ತಿದ್ದುಪಡಿ ಸರಿಯಾಗಿದೆ. ತಪ್ಪಿರುವುದು ನನ್ನ ಬ್ರಾಂಚ್‌ನಲ್ಲಿ. ಈಗಲೇ ಸೇರಿಸಿದರೆ ಓದುಗರ ದಾಖಲೆಗಳು ಅಳಿಸಿಹೋಗಿ ಅಪವಾದ ಅವಳ ಮೇಲೆ ಬರುತ್ತದೆ. ಬೇರೆ ಯಾರೂ ಈಗ ಸೇರಿಸದಿರಲೆಂದು 'ಸೇರಿಸಿದೆ' ಎಂಬ ಗುರುತು ಮಾತ್ರ ಹಾಕಿದ್ದೇನೆ. ನನ್ನದನ್ನು ಸರಿಮಾಡಿ, ಅವಳ ಸಾಲುಗಳನ್ನು ಅವಳ ಹೆಸರಿನಲ್ಲೇ ಸೇರಿಸುತ್ತೇನೆ."

ಅಕ್ಷರಗಳು ಮಂಜಾದವು. ಅಯ್ಯೋ... ಏಳು ವರ್ಷ!

"ಬಾಯಿಬಿಟ್ಟು ಹೇಳಬಾರದಿತ್ತಾ?" ಎಂದಳು.

"ಓದಿರ್ತೀಯ ಅಂದ್ಕೊಂಡೆ. ಓದಿಯೂ ಬಿಟ್ಟು ಹೋದ್ಯಲ್ಲ ಅಂತ ಬಿಗುಮಾನ. ನನ್ನ ಬ್ರಾಂಚ್ ಸರಿಮಾಡಿದ್ರೂ ನಿನ್ನ ಸಾಲುಗಳನ್ನ ಹಾಗೇ ಬಿಟ್ಟೆ. ಮನೆ ಬಾಗಿಲಿಗೆ ಬಂದು ಹೇಳಬೇಕಿತ್ತು... ಬರಲಿಲ್ಲ. ನನ್ನದೂ ತಪ್ಪೇ."

"ನಿಮ್ಮಮ್ಮ ಹೇಗಿದ್ದಾರೆ?"

ಅವನು ಲ್ಯಾಪ್‌ಟಾಪ್‌ನಿಂದ ಕೈ ತೆಗೆದ.

"ಹೋದ ವರ್ಷ ತೀರಿಕೊಂಡ್ರು. ಕೊನೇವರೆಗೂ ನಿನ್ನ ಕೇಳ್ತಿದ್ರು. ನಿನಗೆ ಅಂತ ಹೆಣೆದ ಸ್ವೆಟರ್ ಇನ್ನೂ ಕಪಾಟಿನಲ್ಲೇ ಇದೆ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ಸಾಲುಗಳನ್ನು ಮತ್ತೆ ಸೇರಿಸಬಹುದು. ಆ ಜೀವವನ್ನು ಎಲ್ಲಿಂದ ತರುವುದು?

ಅವನು ಮೆಲ್ಲಗೆ ಹಳೇ ಮರ್ಜನ್ನು ರದ್ದು ಮಾಡಿದ. ಅವಳ ಸಾಲುಗಳು ಅವಳದೇ ಹೆಸರು ಹೊತ್ತು ಒಳಗೆ ಬಂದವು. ಇದಕ್ಕೊಂದು ಟಿಪ್ಪಣಿ ಬರೆಯಿರಿ ಎಂದು ಪರದೆ ಕೇಳಿತು. ಅವನ ಬೆರಳು ಕೀಲಿಗಳತ್ತ ಹೋದಾಗ ಅವಳು ಆ ಕೈ ಹಿಡಿದಳು.

"ಆಮೇಲೆ ಬರಿ. ಮೊದಲು ಬಾಯಲ್ಲಿ ಹೇಳು."

ಅವನು ಅವಳತ್ತ ತಿರುಗಿದ. "ಮೊಂಡಿ... ನೀನಿಲ್ಲದೆ ನನಗೆ ಆಗಲ್ಲ ಕಣೇ. ಮನೆಗೆ ಬರ್ತೀಯಾ?"

ಎಷ್ಟು ವರ್ಷವಾಗಿತ್ತು ಆ ಹೆಸರು ಕೇಳಿ!

"ಬರ್ತೀನಿ," ಎಂದಳು ಕಣ್ಣೊರೆಸಿಕೊಂಡು. "ಅತ್ತೆ ಹೆಣೆದ ಸ್ವೆಟರ್ ತೆಗೆದಿಡು."

ಅತ್ತೆ ಎಂದು ಅವಳು ಕರೆದದ್ದು ಅದೇ ಮೊದಲು.