ಹಾಡುವವಳ ಕೈ

ಎರಡನೆಯ ಚರಣದ ನಡುವೆ ಯಾರೋ ಅವಳ ಕೈ ಹಿಡಿದರು.

ಓರ್ನಾ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಕಾನೆಮಾರಾ ಕಡಲತೀರದ ಆ ಪಬ್ಬಿನ ಹಿಂದಿನ ಕೋಣೆಯಲ್ಲಿ, ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದವರೆಲ್ಲ ಮಾತು ನಿಲ್ಲಿಸಿ, ಗ್ಲಾಸು ಕೆಳಗಿಟ್ಟು ಕುಳಿತಿದ್ದರು. ಆಗ ಬಂತು ಆ ಅಂಗೈ. ಒರಟು, ಆದರೆ ಬೆಚ್ಚಗಿತ್ತು. ಹಿಡಿದು ಸುಮ್ಮನಾಗಲಿಲ್ಲ, ಬಾವಿಯ ರಾಟೆ ತಿರುಗಿಸಿದಂತೆ ಅವಳ ಕೈಯನ್ನು ಮೆಲ್ಲಗೆ ಸುತ್ತಿಸತೊಡಗಿತು.

ಕಣ್ಣು ತೆರೆದಳು. ಎದುರಿಗೆ ಗುರುತಿಲ್ಲದ ಯುವಕ. ಉಪ್ಪುಗಾಳಿಗೆ ಕೆಂಪಾದ ಮುಖ, ತಗ್ಗಿಸಿದ ತಲೆ.

ಎಷ್ಟು ಧೈರ್ಯ ಇವನಿಗೆ... ಇಷ್ಟು ಜನರ ಮುಂದೆ!

ಬೆಂಕಿ ತಗುಲಿದಂತೆ ಕೈ ಕಿತ್ತುಕೊಂಡಳು. "ಕೈ ಬಿಡ್ರೀ."

ಹಾಡು ಅಲ್ಲಿಗೇ ತುಂಡಾಯಿತು. ಯಾರೂ ನಗಲಿಲ್ಲ, ಯಾರೂ ಅವನನ್ನು ಗದರಲಿಲ್ಲ. ಇಡೀ ಕೋಣೆ ನೆಲ ನೋಡುತ್ತಿತ್ತು. ಅವನ ಮುಖ ಕಿವಿಯವರೆಗೂ ಕೆಂಪೇರಿತು. ಟೋಪಿ ಎತ್ತಿಕೊಂಡು ಹೊರಗೆ ನಡೆದ.

"ಹೋಗ್ಲಿ ಬಿಡು ಮಗಳೇ," ಎಂದರು ಅಪ್ಪ ಕ್ರಿಸ್ಟಿ. ಆದರೆ ಅವರ ದನಿಯಲ್ಲಿ ಆ ಹಾಡನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಹಾಡು ಅಮ್ಮನದು. ಮಾಯ್ರೀನ್ ಈ ತೀರದ ಮಗಳು. ಮದುವೆಯಾಗಿ ನಡುನಾಡಿನ ಆಫಲಿಗೆ ಹೋದವಳು. ಕಡಲಿಲ್ಲದ, ಜೌಗು ಬಯಲಿನ ಸೀಮೆಗೆ, ಹಾಲು ಮಾರುವ ರೈತನ ಮನೆಗೆ. ದಿನಾ ಬೆಳಿಗ್ಗೆ ಹಾಲು ಕರೆಯುವಾಗ ಈ ಹಾಡು ಹೇಳುತ್ತಿದ್ದಳು. ಅವಳು ತೀರಿಹೋದ ಮೇಲೆ, ಸಾವಾದ ಮನೆಯ ರೂಢಿಯಂತೆ, ಒಂದು ವರ್ಷ ಆ ಮನೆಯಲ್ಲಿ ಯಾರೂ ಹಾಡಿರಲಿಲ್ಲ.

ವರ್ಷ ಕಳೆಯಿತು. ಮೊದಲ ಸಲದ ಹುಲ್ಲು ಕೊಯ್ದು ಮುಚ್ಚಿಟ್ಟದ್ದಾಯಿತು. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಕ್ರಿಸ್ಟಿ ಮಗಳನ್ನೂ ತಮ್ಮ ತಂಗಿ ಡೀಲಿಯಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಡೀಲಿಯಾಳಿಗೆ ಕಡಲಂಚಿನ ಕಡಿದಾದ ಬಂಡೆ, ಕೋಟೆ, ಹಳೇ ಮಠ ಎಲ್ಲ ನೋಡಬೇಕಿತ್ತು. ಕ್ರಿಸ್ಟಿಗೆ ಬೇಕಾದದ್ದು ಒಂದೇ. ಮಾಯ್ರೀನಳ ಹಾಡು ಅವಳ ಊರಿನಲ್ಲಿ, ಅವಳ ಜನರ ನಡುವೆ, ಒಮ್ಮೆ ಪೂರ್ತಿ ಕೇಳಬೇಕು. ಆ ಹಾಡು ಬರುತ್ತಿದ್ದುದು ಓರ್ನಾಗೆ ಮಾತ್ರ.

ಮತ್ತೆ ಬಾಯಿ ತೆರೆದಾಗ ಹಾಡು ಮತ್ತೆ ಅಲ್ಲೇ ತುಂಡಾದರೆ... ಪಬ್ಬಿನಿಂದ ವಾಪಸಾಗುವಾಗ ಅವಳು ಕಾರಿನ ಕಿಟಕಿಗೆ ಹಣೆ ಆನಿಸಿದಳು.

"ನೋಡೋಕೆ ಚೆನ್ನಾಗೇ ಇದ್ದ ಹುಡುಗ," ಎಂದಳು ಡೀಲಿಯಾ ಅತ್ತೆ. "ಒದೆಯೋ ಹಸು ಥರ ಜಾಡಿಸಿಬಿಟ್ಟೆಯಲ್ಲೇ."

ಮರುದಿನ ದ್ವೀಪಕ್ಕೆ ಹೋಗುವ ಹಡಗು ಹತ್ತುವಾಗ ಹಲಗೆಯ ಪಕ್ಕ ನಿಂತಿದ್ದವನು ಅವನೇ. ಕೋಲ್ಮನ್ ಎಂದು ಯಾರೋ ಕರೆದರು. ಡೀಲಿಯಾಳ ಕೈ ಹಿಡಿದು ಹತ್ತಿಸಿದ. ಕ್ರಿಸ್ಟಿಯ ಮೊಣಕೈಗೆ ಆಸರೆ ಕೊಟ್ಟ. ಓರ್ನಾಳ ಸರದಿ ಬಂದಾಗ ಹಗ್ಗದ ತುದಿ ಚಾಚಿದ.

"ಇದನ್ನ ಹಿಡ್ಕೊಳ್ಳಿ. ಕೈ ಕೊಡೋಕೆ ನಂಗೆ ಅಪ್ಪಣೆ ಇಲ್ಲ."

ಚುಚ್ಚುವುದಕ್ಕೆ ಅಂದದ್ದಲ್ಲ. ಅವನ ಕಣ್ಣಿನಲ್ಲಿದ್ದುದು ಬರೀ ನೋವು. ನೊಂದವಳು ನಾನಲ್ಲವೇ? ಇವನಿಗೇಕೆ ನೋವು? ದ್ವೀಪದ ತುಂಬ ಅವಳಿಗೆ ಅದೇ ಯೋಚನೆ. ಕಲ್ಲಿನ ಗೋಡೆಗಳ ನಡುವಿನ ತುಂಡು ಹೊಲಗಳನ್ನು ನೋಡಿ ಇವರೇನು ಕಲ್ಲನ್ನೇ ಬೆಳೆಯುತ್ತಾರೋ ಎಂದು ಅಪ್ಪ ಬೆರಗಾದದ್ದಾಗಲಿ, ಕೋಟೆಯ ಅಂಚಿಗೆ ಹೋಗಬೇಡ ಎಂದು ಅತ್ತೆ ಕೂಗಿದ್ದಾಗಲಿ ಅವಳ ಕಿವಿಗೆ ಬೀಳಲಿಲ್ಲ.

ವಾಪಸು ಬರುವಾಗ ಹಡಗಿನ ಒಳಗೆ ಅವಳ ಎದುರಿಗೆ ದ್ವೀಪದ ಇಬ್ಬರು ಮುದುಕಿಯರು ಕುಳಿತಿದ್ದರು. ಒಬ್ಬಳು ತನ್ನಷ್ಟಕ್ಕೆ ಏನೋ ಹಾಡತೊಡಗಿದಳು. ಇನ್ನೊಬ್ಬಳು ಕಿಟಕಿಯಿಂದ ಕಣ್ಣು ತೆಗೆಯದೆ ಅವಳ ಕೈ ಹಿಡಿದು, ಉಣ್ಣೆಯ ಉಂಡೆ ಸುತ್ತುವಂತೆ, ಮೆಲ್ಲಗೆ ಸುತ್ತಿಸುತ್ತ ಕುಳಿತಳು.

ಓರ್ನಾ ಮುಂದಕ್ಕೆ ಬಾಗಿದಳು. ಹಾಡು ಮುಗಿಯುವವರೆಗೆ ಕಾದು, ಇದೇನು ಎಂದು ಕೇಳಿದಳು.

"ನಿಮ್ಮ ಕಡೆ ಹೀಗೆ ಮಾಡಲ್ವೇನಮ್ಮ?" ಮುದುಕಿಗೆ ಆಶ್ಚರ್ಯ. "ದುಃಖದ ಹಾಡು ಹೇಳೋಳು ಒಬ್ಬಳೇ ಎಲ್ಲೋ ದೂರ ಹೋಗಿರ್ತಾಳೆ. ಯಾರಾದ್ರೂ ಕೈ ಹಿಡಿದಿರಬೇಕು. ಇಲ್ದಿದ್ರೆ ವಾಪಸ್ ಬರೋದು ಹೇಗೆ?"

ಓರ್ನಾ ಎದ್ದು ಹೊರಗೆ ಹೋಗಿ ಕಂಬಿ ಹಿಡಿದು ನಿಂತಳು.

ಆಸ್ಪತ್ರೆಯ ಕಡೆಯ ದಿನಗಳು. ಅಮ್ಮ ಇದೇ ಹಾಡನ್ನು ಗುನುಗುತ್ತಿದ್ದಳು. ಅವಳ ಕೈ ಹೊದಿಕೆಯಿಂದ ಹೊರಬಂದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಬಾಯಾರಿಕೆ ಇರಬೇಕು ಎಂದುಕೊಂಡು ಪ್ರತಿ ಸಲವೂ ಆ ಕೈಗೆ ನೀರಿನ ಲೋಟ ಇಟ್ಟವಳು ಓರ್ನಾ. ಅಮ್ಮ ಒಂದು ಗುಟುಕು ಕುಡಿದು, ನಕ್ಕು, ಲೋಟ ಹಿಂದಕ್ಕೆ ಕೊಡುತ್ತಿದ್ದಳು. ಮತ್ತೆ ಆ ಕೈ...

ಅಮ್ಮಾ, ನೀನು ಕೇಳಿದ್ದು ನೀರಲ್ಲ. ನನಗೆ ಗೊತ್ತಾಗಲಿಲ್ಲ.

ಕೋಲ್ಮನ್ ಅವಳು ಅಳುವುದನ್ನು ಕಂಡು ದೂರದಲ್ಲೇ ನಿಂತ. ಅವಳೇ ಹತ್ತಿರ ಹೋದಳು. ಮೊದಲು ಕ್ಷಮೆ ಕೇಳಿದಳು, ಆಮೇಲೆ ಲೋಟದ ಸಂಗತಿ ಹೇಳಿದಳು. ಅವನು ಕೈಯಲ್ಲಿದ್ದ ಹಗ್ಗವನ್ನು ಸುತ್ತಿ ಕೆಳಗಿಟ್ಟ.

"ನೀವು ಕೊಟ್ಟಿದ್ದನ್ನ ಅವರು ಕುಡಿದ್ರಲ್ಲ," ಎಂದ. "ಒಂದು ಸಲಾನೂ ಬೇಡ ಅನ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ನಿನ್ನೆ ನೀವು ಹಾಡ್ತಾ ಹಾಡ್ತಾ ತೀರದ ಬಂಡೆಗಳನ್ನ ದಾಟಿ ಹೋಗ್ತಿರೋ ಹಾಗಿತ್ತು. ಸುಮ್ನೆ ನೋಡ್ತಾ ಕೂರೋಕೆ ಆಗ್ಲಿಲ್ಲ ನಂಗೆ."

ಯಾರೂ ಅವಳಿಗೆ ಇಂಥ ಮಾತು ಆಡಿರಲಿಲ್ಲ. ಅವಳು ಕಡಲು ನೋಡಿದಳು.

ಊರಿಗೆ ಹೊರಡುವ ಹಿಂದಿನ ಸಂಜೆ, ಇನ್ನೂ ಬೆಳಕಿರುವಾಗಲೇ, ಅದೇ ಕೋಣೆಯಲ್ಲಿ ಓರ್ನಾ ಮತ್ತೆ ಹಾಡಿದಳು. ಮೊದಲ ಚರಣ ದಾಟಿತು. ತುಂಡಾದ ಜಾಗ ಹತ್ತಿರ ಬಂತು. ಅವಳು ಕಣ್ಣು ತೆರೆಯದೆ ಕೈ ಚಾಚಿದಳು.

ಯಾರೂ ಹಿಡಿಯಲಿಲ್ಲ.

ಅವನು ಬಾಗಿಲ ಬಳಿ ಟೋಪಿ ಹಿಚುಕುತ್ತ ನಿಂತಿದ್ದ. ಆ ಕೈ ಯಾರಿಗೆಂದು ಕೋಣೆಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಧೈರ್ಯವಿರಲಿಲ್ಲ.

"ಪಾದ್ರಿ ಬಂದು ಹೇಳ್ಬೇಕೇನಪ್ಪಾ ನಿಂಗೆ?" ಎಂದು ಡೀಲಿಯಾ ಪಿಸುಗುಟ್ಟಿದಳು.

ಒರಟಾದ ಅಂಗೈ ಬಂತು. ಕೈ ಮೆಲ್ಲಗೆ ಸುತ್ತತೊಡಗಿತು; ಹಾಡು ತುಂಡಾದ ಜಾಗವನ್ನು ದಾಟಿ ಮುಂದೆ ಹೋಯಿತು. ಕಡೆಯ ಸಾಲನ್ನು ಆ ಊರಿನವರಂತೆ, ಅಮ್ಮನಂತೆ, ಹಾಡದೆ ಮಾತಿನಲ್ಲಿ ಹೇಳಿ ಮುಗಿಸಿದಳು.

ಕ್ರಿಸ್ಟಿ ಕಣ್ಣೊರೆಸಿಕೊಳ್ಳಲಿಲ್ಲ. "ನಮ್ಮ ಮಾಯ್ರೀನ್ ಊರಿಗೆ ಬಂದ್ಲು," ಎಂದರು, ಯಾರಿಗೂ ಅಲ್ಲ.

ಹೊರಗೆ ದೋಣಿಕಟ್ಟೆಯವರೆಗೆ ಇಬ್ಬರೂ ನಡೆದರು. ಕೈ ಇನ್ನೂ ಅವನ ಕೈಯಲ್ಲೇ ಇತ್ತು.

"ಹಾಡು ಮುಗೀತು ಕಣ್ರೀ," ಎಂದಳು ಓರ್ನಾ. "ಮುಗಿದ ಮೇಲೂ ಹಿಡ್ಕೊಂಡಿರೋದು ನಿಮ್ಮ ಕಡೆ ಪದ್ಧತಿನಾ?"

"ಅಲ್ಲ. ಇದು ನಂದು," ಎಂದ ಅವನು. "ಬಿಡೋಕೆ ಮನಸ್ಸಿಲ್ಲ, ಓರ್ನಾ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಆಗಸ್ಟ್‌ನಲ್ಲಿ ಎರಡನೇ ಸಲದ ಹುಲ್ಲು ಕೊಯ್ಲು. ಅಪ್ಪಂಗೆ ಆಳು ಸಾಲ್ದು."

"ನಂಗೆ ದೋಣಿ ಬಿಟ್ರೆ ಏನೂ ಓಡ್ಸೋಕೆ ಬರಲ್ಲ."

"ಟ್ರ್ಯಾಕ್ಟರ್ ನಾನು ಓಡಿಸ್ತೀನಿ. ನೀನು ಬೆಳಿಗ್ಗೆ ಕೊಟ್ಟಿಗೇಲಿದ್ರೆ ಸಾಕು. ಹಸುಗಳು ವರ್ಷದಿಂದ ಹಾಡು ಕೇಳಿಲ್ಲ... ಹಾಡುವಾಗ ನಂಗೆ ಒಂದು ಕೈ ಖಾಲಿ ಇರುತ್ತೆ."

ಅವಳು 'ನೀನು' ಎಂದದ್ದನ್ನು ಅವನು ಗಮನಿಸಿದ್ದ.

"ಬರ್ತೀನಿ," ಎಂದ.