ಜೊಂಡಿನ ಗೂಡಿಗೆ ಬಿಸಿಲು ಬಿದ್ದ ದಿನ

ಕಲಾದಗಿಯ ಹಿನ್ನೀರಿನ ಜೊಂಡುಹುಲ್ಲಿನಲ್ಲಿ ಉಲಿಯಕ್ಕಿ ಎಂಬ ಪುಟ್ಟ ಹಕ್ಕಿಯ ಮರಿಗಳು ಗೂಡಿನಲ್ಲೇ ಬಿಸಿಲಿಗೆ ಬೆಂದು ಸತ್ತಿದ್ದವು. ಕುರುಬ ಕನಕಪ್ಪನ ಕುರಿಗಳು ನುಗ್ಗಿ ಗೂಡು ಬಯಲಾಯಿತೆಂದು ಪಕ್ಷಿ ಸಂಘದ ಸಂತೋಷಕುಮಾರ ಊರ ಹಿರಿಯರಿಗೆ ದೂರು ಕೊಟ್ಟಿದ್ದ. ಸಂಜೆ ತೀರ್ಮಾನ. ತಪ್ಪು ಹೊರಿಸಿದರೆ ಹಿಂಡಿಗೆ ಈ ದಂಡೆ ಬಂದ್. ಬೇಸಿಗೆಯಲ್ಲಿ ಸುತ್ತ ಬೇರೆ ನೀರಿಲ್ಲ.

ಕನಕಪ್ಪ ನಿವೃತ್ತ ಪೊಲೀಸ್ ಸಂಗವ್ವನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ. "ನನ್ನ ಕುರಿ ಆ ಕಡೆ ಹೋಗಿಲ್ರಿ ಅಕ್ಕಾರ. ಯಾರ್ ನಂಬ್ತಾರ?"

ಸಂಗವ್ವನಿಗೆ ಮೊಣಕಾಲು ನೋವು. ಊರವರ ತಂಟೆಯೂ ಸಾಕುಸಾಕಾಗಿತ್ತು, ಒಲ್ಲೆ ಎಂದಳು. ಗೆಳತಿ ಸುನಂದಾ ಸ್ಕೂಟರಿನ ಕೀಲಿ ತಂದಳು. ಒಲ್ಲೆ ಒಲ್ಲೆ ಎನ್ನುತ್ತಲೇ ಹೊರಡುವ ಹೆಂಗಸು ಈಕೆ ಎಂಬುದು ಅವಳಿಗೆ ಗೊತ್ತಿರದ್ದೇನಲ್ಲ.

ದಂಡೆಯಲ್ಲಿ ಸಂತೋಷಕುಮಾರ ಗೂಡು ತೋರಿಸಿದ. ಅತ್ತು ಅತ್ತು ಅವನ ಕಣ್ಣುಗಳು ಕೆಂಪಾಗಿದ್ದವು, ಸುನಂದಾಗೆ ಪಾಪ ಅನಿಸಿತು. ಮಾತಾಡುತ್ತಲೇ ಕ್ಯಾಮೆರಾ ಚೀಲದ ಹರಿದ ದಾರಕ್ಕೆ ಗಂಟು ಹಾಕಿ ತುದಿ ಕಚ್ಚಿ ಉಗುಳಿದ. ಜೊಂಡು ಮೂಡಣಕ್ಕೆ ಮಾತ್ರ ಇಬ್ಭಾಗವಾಗಿತ್ತು, ಚಿಗುರೆಲ್ಲ ಹಾಗೇ ಇತ್ತು. ಒಂದು ಕಡ್ಡಿಗೆ ದಾರದ ತುಂಡು, ಅದರಲ್ಲಿ ಸಾಸಿವೆಯಷ್ಟು ಗಂಟು. ಸಂಗವ್ವ ಅವನ ಊರು ಯಾವುದೆಂದಷ್ಟೇ ಕೇಳಿದಳು. ಇಲಕಲ್ಲು, ಮಗ್ಗದ ಮನೆ ಎಂದ.

ಸಂಜೆ ಹಿರಿಯರು ಅಲ್ಲೇ ಸೇರಿದರು. ಸಂಗವ್ವ ಕಲ್ಲಿನ ಮೇಲೆ ಕುಳಿತೇ ಮಾತಾಡಿದಳು.

"ಕುರಿ ಬಂದಿದ್ರ ಚಿಗುರು ಉಳೀತಿರಲಿಲ್ಲ. ಜೊಂಡು ಸರಿಸಿದ್ದು ಮುಂಜಾನಿ ಬೆಳಕು ಬರೂ ಕಡೆ ಅಷ್ಟ. ಬೆಳಕು ಕುರಿಗಿ ಬೇಕಾಗಿಲ್ಲ, ಕ್ಯಾಮೆರಾಕ್ಕ ಬೇಕು. ಸರಿಸಿ ದಾರದಿಂದ ಕಟ್ಯಾರ. ಆಮ್ಯಾಲೆ ಕತ್ತರಿಸಿದ್ರೂ ಒಂದು ಉಳದೈತಿ. ಈ ಗಂಟು ಕುರುಬರು ಹಗ್ಗಕ್ಕ ಹಾಕೂದಲ್ಲ. ನೂಲಿನ ಎಳಿ ಹರದ್ರ ಮಗ್ಗದವರ ಕೈ ತಾನ ಹಾಕೂ ಗಂಟು. ಸಂತೋಷಕುಮಾರ, ನಿಮ್ಮ ಚೀಲದ ದಾರ ಇದರ ಮಗ್ಗಲಕ ಹಿಡೀರಿ."

ಅವನು ಚೀಲ ಕೆಳಗಿಟ್ಟು ತಪ್ಪೊಪ್ಪಿಕೊಂಡ. ಫೋಟೋ ತೆಗೆದ ಮೇಲೆ ಮನೆಯಿಂದ ಫೋನು ಬಂದು ಬಿಚ್ಚುವುದು ಮರೆತಿತ್ತಂತೆ. ಹಿಂದಿರುಗಿದಾಗ ಮರಿಗಳು ಸತ್ತಿದ್ದವು, ದಾರ ಕತ್ತರಿಸುವಾಗ ದೂರದಲ್ಲಿ ಕುರಿಗಳು ಕಂಡವು. ಸಂಘದವರಿಗೆ ಮುಖ ತೋರಿಸಲಾಗದೆ ಸುಳ್ಳು ಹೇಳಿದ್ದ. ಹಿರಿಯರು ದೂರು ತಳ್ಳಿಹಾಕಿದರು.

ಗೆದ್ದೆವೆಂದು ಸುನಂದಾಗೆ ಅನಿಸಲೇ ಇಲ್ಲ, ಬರಿಯ ಸುಸ್ತು. ಕನಕಪ್ಪ ಬೈಯಲೂ ಇಲ್ಲ. ಫೋಟೋ ತೋರಿಸೆಂದ. ಬೆಳಕಿನಲ್ಲಿ ಮೂರು ಮರಿಗಳು ಬಾಯಿ ತೆರೆದಿದ್ದವು. ಅವ್ವ ಬಂದಳೆಂದು ಗುಟುಕು ಕೇಳುತ್ತಿವೆ, ಅದಕ್ಕೇ ತೆಗೆದೆ ಎಂದು ಸಂತೋಷಕುಮಾರ ತಡವರಿಸಿದ.

ಕನಕಪ್ಪ ಕ್ಯಾಮೆರಾದ ಹತ್ತಿರ ಬಾಗಿ ನೋಡಿದ.

"ಗುಟುಕಲ್ಲರೀ," ಎಂದ. "ಬಿಸಲಿಗಿ ನೀರಡಿಸ್ಯಾವು."

ಆಮೇಲೆ ಹಿಂಡನ್ನು ನೀರಿಗೆ ಬಿಟ್ಟ.